ಸಣ್ಣ ಕ್ರಾಸ್‌ಓವರ್ ಕಾರು: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ



ಈಚೆಗೆ ಸಂಘದ ಕಛೇರಿಗೆ ಗೊಬ್ಬರಕ್ಕೋ ಮೈಲುತುತ್ತಕ್ಕೋ ಬಂದ ಸದಸ್ಯರಲ್ಲಿ ಹಲವರು ರಸೀದಿ ಕೈಗೆ ಬಂದ ಮೇಲೂ ಎದ್ದು ಹೋಗುವುದಿಲ್ಲ. ಮಳೆಯ ಮಾತು, ದರದ ಮಾತು ಮುಗಿದ ಮೇಲೆ, "ಹೊಸ ಗಾಡಿ ಒಂದು ತಗೊಳ್ಳೋಣ ಅಂತಿದ್ದೀವಿ ಮಾರಾಯ್ರೆ, ಈ ಎತ್ತರದ ಸಣ್ಣ ಕಾರು ನಮ್ಮ ದಾರಿಗೆ ಆಗ್ತದಾ?" ಎಂದು ವಿಚಾರಿಸುತ್ತಾರೆ. ಹೀಗೆ ಕೇಳುವುದು ಸಹಜವೇ. 2024-25ರಲ್ಲಿ ರೊಬಸ್ಟಾ ಕಾಫಿಯ ದರ ನಾವು ಯಾರೂ ಹಿಂದೆ ಕಾಣದ ಎತ್ತರ ಮುಟ್ಟಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಇಳಿಯಿತು. ಅಂಗಳದಲ್ಲಿ ಹಳೆಯ ಜೀಪು ಕೆಮ್ಮುತ್ತ ನಿಂತಿದೆ. ಮಕ್ಕಳು ಬೆಂಗಳೂರಿನಿಂದ ಬಂದಾಗಲೆಲ್ಲ ಅದನ್ನು ನೋಡಿ ನಗುತ್ತಾರೆ.

ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಉತ್ತರ ಹೇಳುವ ಬದಲು, ನಾನು ಓದಿ ತಿಳಿದದ್ದನ್ನೂ ಪಟ್ಟ ಪಾಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಇಂಥದನ್ನೇ ಕೊಳ್ಳಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಐದು ಎಕರೆ, ಹತ್ತು ಎಕರೆಯ ಹಿಡುವಳಿ ಇರುವ ನಮ್ಮಂಥವರಿಗೆ ಮನೆ ಕಟ್ಟುವುದು, ಮದುವೆ ಮಾಡುವುದು ಬಿಟ್ಟರೆ ವಾಹನವೇ ದೊಡ್ಡ ಖರ್ಚು. ಅದನ್ನು ಷೋರೂಮಿನ ದೀಪದ ಬೆಳಕಿನಲ್ಲಿ ತೀರ್ಮಾನಿಸದೆ ಮನೆಯ ಜಗಲಿಯಲ್ಲಿ ಕುಳಿತು ತೀರ್ಮಾನಿಸಬೇಕು ಎಂಬುದಷ್ಟೇ ನನ್ನ ಮಾತು.

ಈ ವಾಹನ ಎಂಥದು?

ನಮ್ಮ ಹಳೆಯ ಜೀಪು ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಗಾಡಿ. ಕೆಳಗೆ ಪಟ್ಟಿ ಸ್ಪ್ರಿಂಗು, ಎಳೆಯುವುದು ಹಿಂದಿನ ಗಾಲಿ, ಬೇಕಾದಾಗ ಲಿವರ್ ಹಾಕಿದರೆ ನಾಲ್ಕೂ ಗಾಲಿ. ಈಗ ಪೇಟೆಯಲ್ಲಿ ಹೆಚ್ಚು ಕಾಣುವ ಕ್ರಾಸ್‌ಓವರ್ ಹಾಗಲ್ಲ. ಅದು ಮೂಲದಲ್ಲಿ ಕಾರು. ಚೌಕಟ್ಟು, ಮೈ ಎರಡೂ ಒಂದೇ ಆಗಿ ಬೆಸೆದಿರುತ್ತದೆ. ಎಂಜಿನ್ ಅಡ್ಡಲಾಗಿ ಕೂತಿರುತ್ತದೆ, ಮುಂದಿನ ಎರಡು ಗಾಲಿ ಮಾತ್ರ ಎಳೆಯುತ್ತವೆ. ಅದೇ ಕಾರನ್ನು ನೆಲದಿಂದ ಸ್ವಲ್ಪ ಎತ್ತರಿಸಿ, ದೊಡ್ಡ ಗಾಲಿ ಹಾಕಿ, ಕೂರುವ ಜಾಗವನ್ನು ಮೇಲಕ್ಕೆ ತಂದು, ಮುಖಕ್ಕೆ ಜೀಪಿನ ಗತ್ತು ಕೊಟ್ಟಿರುತ್ತಾರೆ. ಟಾಟಾ ಪಂಚ್, ನೆಕ್ಸಾನ್, ಮಾರುತಿಯ ಫ್ರಾಂಕ್ಸ್, ಬ್ರೆಜ್ಜಾ, ಹ್ಯುಂಡೈ ಎಕ್ಸ್‌ಟರ್, ವೆನ್ಯೂ, ಕಿಯಾ ಸಾನೆಟ್, ನಿಸ್ಸಾನ್ ಮ್ಯಾಗ್ನೈಟ್ ಎಲ್ಲವೂ ಈ ಜಾತಿಯವೇ.

ಇವೆಲ್ಲ ನಾಲ್ಕು ಮೀಟರಿಗೆ ಕೂದಲೆಳೆ ಕಡಿಮೆ ಉದ್ದ ಇರುವುದು ಆಕಸ್ಮಿಕವಲ್ಲ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿನ ಒಳಗಿನ ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದರು. ಅಂದಿನಿಂದ ಕಂಪನಿಗಳು ಆ ಅಳತೆಗೆ ತಕ್ಕಂತೆ ಬಟ್ಟೆ ಕತ್ತರಿಸುತ್ತ ಬಂದಿವೆ. ಈಗಿನ ಜಿ.ಎಸ್.ಟಿ.ಯಲ್ಲೂ ಅದೇ ಗೆರೆ ಉಳಿದಿದೆ. ಉದ್ದ ನಾಲ್ಕು ಮೀಟರ್ ಮೀರದೆ, ಪೆಟ್ರೋಲಾದರೆ 1200 ಸಿ.ಸಿ., ಡೀಸೆಲ್ ಆದರೆ 1500 ಸಿ.ಸಿ. ಮೀರದಿದ್ದರೆ ತೆರಿಗೆ ಶೇಕಡಾ 18. ಎರಡರಲ್ಲಿ ಒಂದು ಮೀರಿದರೂ ಶೇಕಡಾ 40. ಬ್ರೆಜ್ಜಾ ಉದ್ದದಲ್ಲಿ ಸಣ್ಣದಾದರೂ ಅದರ ಪೆಟ್ರೋಲ್ ಎಂಜಿನ್ 1462 ಸಿ.ಸಿ. ಆದ್ದರಿಂದ ಅದು ಮೇಲಿನ ದರಕ್ಕೆ ಬೀಳುತ್ತದೆ. "ಸಣ್ಣ ಕಾರಿಗೆಲ್ಲ ತೆರಿಗೆ ಇಳಿಯಿತಂತೆ" ಎಂಬ ಮಾತನ್ನು ನಂಬಿ ಹೋಗುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ನೆಲದಿಂದ ಎತ್ತರದ ವಿಷಯದಲ್ಲೂ ಸ್ವಲ್ಪ ತಿಳುವಳಿಕೆ ಬೇಕು. ಪಂಚ್‌ಗೆ 187 ಮಿಲಿಮೀಟರ್, ಫ್ರಾಂಕ್ಸ್‌ಗೆ 190, ನೆಕ್ಸಾನ್‌ಗೆ 208 ಎಂದು ಕಂಪನಿಯವರು ಹೇಳುತ್ತಾರೆ. ನಮ್ಮ ಊರಿನ ದಾರಿಗಳಲ್ಲಿ ದಿನವೂ ಓಡಾಡುವ ಬೊಲೆರೊಗೆ ಹೇಳುವುದು 180 ಮಾತ್ರ. ಹಾಗಾದರೆ ಬೊಲೆರೊಗಿಂತ ಕ್ರಾಸ್‌ಓವರ್ ಮೇಲೋ? ಅಲ್ಲ. ಬೊಲೆರೊದಲ್ಲಿ ತಗ್ಗಾಗಿರುವುದು ಹಿಂದಿನ ಅಚ್ಚಿನ ನಡುವಿನ ಉಂಡೆ. ಅದು ಕಲ್ಲಿಗೆ ತಾಗಿದರೆ ಸದ್ದು ಬರುತ್ತದೆ, ಹೆಚ್ಚಿನ ಹಾನಿ ಇಲ್ಲ. ಕ್ರಾಸ್‌ಓವರಿನಲ್ಲಿ ಹೊಟ್ಟೆ ಪೂರ್ತಿ ತಗ್ಗು. ಮೊದಲು ತಾಗುವುದು ಮುಂದಿನ ಪ್ಲಾಸ್ಟಿಕ್ ಬಂಪರು, ಆಮೇಲೆ ಎಂಜಿನ್ ಎಣ್ಣೆಯ ತೊಟ್ಟಿ. ಮೇಲಾಗಿ ಈ ಅಳತೆಗಳೆಲ್ಲ ಸಾಮಾನ್ಯವಾಗಿ ಖಾಲಿ ಗಾಡಿಯವು. ಐದು ಜನ ಕೂತು ಹಿಂದೆ ಎರಡು ಚೀಲ ಇಟ್ಟರೆ ಗಾಡಿ ಎಷ್ಟು ಕುಸಿಯುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕು.

ಇದರಿಂದ ಆಗುವ ಉಪಕಾರ

ಮೊದಲು ಗುಣವನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಜುಲೈ ರಾತ್ರಿ ನನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗ ಮನೆಯಲ್ಲಿದ್ದುದು ಹಳೆಯ ಜೀಪು ಒಂದೇ. ಹಿಂದಿನ ಸೀಟಿಗೆ ಹಾಸಿಗೆ ಹಾಸಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟೆವು. ಜೀಪು ನಮ್ಮನ್ನು ಎಲ್ಲಿಯೂ ಕೈಬಿಡಲಿಲ್ಲ. ಹಳ್ಳದಲ್ಲಿ ಕೆಂಪು ನೀರು ಹರಿಯುತ್ತಿದ್ದರೂ ದಾಟಿತು. ಆದರೆ ದಾರಿಯುದ್ದಕ್ಕೂ ತಾಯಿ ಪಟ್ಟ ನೋವನ್ನು ನಾನು ಮರೆತಿಲ್ಲ. "ಬಿದ್ದ ನೋವು ಒಂದು ಪಾಲು, ನಿನ್ನ ಜೀಪಿನ ನೋವು ಮೂರು ಪಾಲು ಕಣೋ" ಎಂದು ಆಮೇಲೆ ಹೇಳಿದರು. ಕ್ರಾಸ್‌ಓವರ್ ಕೊಳ್ಳಬೇಕು ಎಂದು ನಮ್ಮ ಮನೆಯಲ್ಲಿ ಮಾತು ಹುಟ್ಟಿದ್ದು ಆ ರಾತ್ರಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಈ ಗಾಡಿಯ ಬೆಲೆ ತಿಳಿಯುತ್ತದೆ. ಸೀಟಿನ ಎತ್ತರ ಮಂಡಿನೋವಿನವರಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಜೀಪಿನಂತೆ ಹತ್ತಬೇಕಾಗಿಲ್ಲ, ತಗ್ಗಿನ ಕಾರಿನಂತೆ ಕುಸಿಯಬೇಕಾಗಿಲ್ಲ. ಹೊಂಡ ಬಿದ್ದ ಡಾಂಬರು ರಸ್ತೆಯಲ್ಲಿ ತಳ ತಾಗುವ ಭಯ ಕಡಿಮೆ. ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಗಳಲ್ಲಿ ಮಂಜು ಮುಸುಕಿದಾಗ ತುಸು ಎತ್ತರದಲ್ಲಿ ಕೂತು ನಡೆಸುವುದು ಅನುಕೂಲ. ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಗಾಡಿ ಹಿಂದಕ್ಕೆ ಉರುಳದಂತೆ ಹಿಡಿಯುವ ಏರ್ಪಾಡು, ಜಾರುವ ಗಾಡಿಯನ್ನು ತಾನಾಗಿ ಸರಿಪಡಿಸುವ ಏರ್ಪಾಡು, ಗಾಳಿಚೀಲಗಳು ಇವೆಲ್ಲ ಹಳೆಯ ಜೀಪಿನಲ್ಲಿ ಕನಸಿನ ಮಾತು. ನೆಕ್ಸಾನ್ 2018ರಲ್ಲಿ, ಪಂಚ್ 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆದವು. 2023ರ ಅಕ್ಟೋಬರಿನಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಆರಂಭವಾಗಿದೆ. ಕೊಳ್ಳುವ ಗಾಡಿಗೆ ಎಷ್ಟು ನಕ್ಷತ್ರ ಎಂದು ಕೇಳುವುದು ಬಣ್ಣ ಆರಿಸುವುದಕ್ಕಿಂತ ಮುಖ್ಯ.

ಇನ್ನೊಂದು ಮಾತು. ಗಾಡಿ ಕೊಳ್ಳುವ ಮೊದಲು ನಾನು ಒಂದು ವರ್ಷ ಗೋಡೆಯ ಕ್ಯಾಲೆಂಡರಿನಲ್ಲಿ ಜೀಪು ಹೊರಟ ದಿನ, ಹೋದ ಊರು, ಹೇರಿದ ಸರಕು ಎಲ್ಲವನ್ನೂ ಗುರುತು ಹಾಕುತ್ತ ಬಂದೆ. ವರ್ಷದ ಕೊನೆಗೆ ಎಣಿಸಿದಾಗ ನನಗೇ ಆಶ್ಚರ್ಯ. ಹತ್ತರಲ್ಲಿ ಎಂಟು ಸಲ ಜೀಪು ಹೋದದ್ದು ಡಾಂಬರು ದಾರಿಯಲ್ಲಿ: ಬ್ಯಾಂಕು, ಸಂಘ, ಆಸ್ಪತ್ರೆ, ಮದುವೆ ಮನೆ. ನಾಲ್ಕೂ ಗಾಲಿಯ ಲಿವರ್ ಹಾಕಿದ ದಿನಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಸದಸ್ಯರು ಬೇರೇನೂ ಮಾಡದಿದ್ದರೂ ಇದೊಂದು ಲೆಕ್ಕ ಬರೆದು ನೋಡಬೇಕೆಂದು ಕೋರುತ್ತೇನೆ.

ಕೈಕೊಡುವ ಜಾಗ

ಈಗ ದೋಷ. ಕ್ರಾಸ್‌ಓವರ್ ಬಂದ ವರ್ಷವೇ ಮಳೆಗಾಲದ ಬಿಡುವಿನಲ್ಲಿ ನಾಲ್ಕು ಚೀಲ ಗೊಬ್ಬರ ಹಿಂದೆ ಹಾಕಿ, ಮೂವರು ಕೂತು ತೋಟದ ದಾರಿ ಹಿಡಿದೆವು. ಕಣದ ಕೆಳಗಿನ ಕೊನೆಯ ಏರಿನಲ್ಲಿ ಮುಂದಿನ ಗಾಲಿಗಳು ನಿಂತಲ್ಲೇ ತಿರುಗತೊಡಗಿದವು. ಕೆಸರು ಹಾರಿತು, ಕ್ಲಚ್ಚಿನ ಸುಟ್ಟ ವಾಸನೆ ಬಂತು, ಗಾಡಿ ಒಂದು ಅಂಗುಲ ಮುಂದೆ ಹೋಗಲಿಲ್ಲ. ಚೀಲಗಳನ್ನು ಇಳಿಸಿ, ಇಬ್ಬರು ಇಳಿದ ಮೇಲೆ ಏನೂ ಆಗದಂತೆ ಏರಿತು. ಚೀಲ ಮಾತ್ರ ಹೆಗಲ ಮೇಲೆ ಬಂತು.

ಇದು ಗಾಡಿಯ ತಪ್ಪಲ್ಲ, ಲೆಕ್ಕದ ವಿಷಯ. ಗಾಲಿಗೆ ನೆಲದ ಹಿಡಿತ ಸಿಗುವುದು ಅದರ ಮೇಲೆ ಬೀಳುವ ಭಾರದಿಂದ. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದೆ ಸರಕು ಹೇರಿದರೆ ಮತ್ತಷ್ಟು ಸರಿಯುತ್ತದೆ. ಎಳೆಯುವ ಮುಂದಿನ ಗಾಲಿ ಹಗುರವಾಗುತ್ತದೆ. ಒದ್ದೆ ಕೆಮ್ಮಣ್ಣಿನ ಮೇಲೆ ಗಾಲಿಯ ಹಿಡಿತ ಅದರ ಮೇಲಿನ ಭಾರದ ಮೂರನೇ ಒಂದು ಪಾಲು ಎಂದು ಇಟ್ಟುಕೊಳ್ಳೋಣ. ಗಾಡಿಯ ಅರ್ಧ ಭಾರ ಮುಂದಿದ್ದರೆ ಎಳೆಯುವ ಬಲ ಒಟ್ಟು ಭಾರದ ಆರನೇ ಒಂದು ಪಾಲಾಯಿತು. ಅಂದರೆ ಆರು ಅಡಿಗೆ ಒಂದು ಅಡಿ ಏರುವ ದಾರಿಯೇ ಅದರ ಗಡಿ. ಜೀಪಿನ ನಾಲ್ಕೂ ಗಾಲಿ ಎಳೆದರೆ ಪೂರ್ತಿ ಭಾರ ಕೆಲಸಕ್ಕೆ ಬರುತ್ತದೆ, ಅದರ ಗಡಿ ಮೂರು ಅಡಿಗೆ ಒಂದು ಅಡಿ. ಹಿಂದಿನ ಗಾಲಿ ಎಳೆಯುವ ಬೊಲೆರೊದಂಥ ಗಾಡಿಗೆ ಹಿಂದೆ ಸರಕು ಹೇರಿದಷ್ಟೂ ಏರಿನಲ್ಲಿ ಹಿಡಿತ ಹೆಚ್ಚು. ನಮ್ಮ ಹಳೆಯ ಡ್ರೈವರುಗಳು ಮುಂದಿನ ಗಾಲಿಯ ಕಾರನ್ನು ಕೆಲವೊಮ್ಮೆ ಹಿಮ್ಮುಖವಾಗಿ ಏರಿಸುತ್ತಿದ್ದುದರ ಗುಟ್ಟೂ ಇದೇ. ಧರೆಯ ಅಂಚಿನ ದಾರಿಯಲ್ಲಿ ಮಾತ್ರ ಆ ಸಾಹಸ ಯಾರೂ ಮಾಡಬಾರದು.

ನಿಮ್ಮ ದಾರಿಯ ಏರು ಎಷ್ಟು ಎಂದು ತಿಳಿಯುವುದು ಸುಲಭ. ಆರು ಅಡಿಯ ನೇರ ಹಲಗೆಯ ಒಂದು ತುದಿಯನ್ನು ದಾರಿಯ ಮೇಲ್ಭಾಗಕ್ಕೆ ತಾಗಿಸಿ, ಗಾರೆಯವರ ರಸಮಟ್ಟ ಇಟ್ಟು ಹಲಗೆಯನ್ನು ಮಟ್ಟ ಮಾಡಿ. ಇನ್ನೊಂದು ತುದಿ ನೆಲದಿಂದ ಎಷ್ಟು ಮೇಲಿದೆ ನೋಡಿ. ಒಂದು ಅಡಿಗಿಂತ ಹೆಚ್ಚಿದ್ದರೆ, ಆ ಜಾಗ ಮಣ್ಣಿನದಾದರೆ, ಮಳೆಗಾಲದಲ್ಲಿ ಕ್ರಾಸ್‌ಓವರ್ ಅಲ್ಲಿ ನಿಲ್ಲುತ್ತದೆ ಎಂದೇ ತಿಳಿಯಿರಿ. ಬೇಸಿಗೆಯಲ್ಲಿ ಏರಿದ ದಾರಿ ಆಷಾಢದಲ್ಲಿ ಏರುತ್ತದೆ ಎಂದು ನಂಬಬೇಡಿ.

ಈ ಸಣ್ಣ ಗಾತ್ರದಲ್ಲೇ ನಾಲ್ಕು ಗಾಲಿ ಎಳೆಯುವ, ಕೆಳಗಿನ ಗೇರೂ ಇರುವ ಗಾಡಿ ಬೇಕೆಂದರೆ 2023ರಲ್ಲಿ ಬಂದ ಮಾರುತಿ ಜಿಮ್ನಿ ಇದೆ, ಮಹೀಂದ್ರ ಥಾರ್‌ನ ಕೆಲವು ಮಾದರಿಗಳಿವೆ. ಅವು ನಿಜವಾದ ಜೀಪಿನ ವಂಶದವು. ಬೆಲೆ, ತೆರಿಗೆ ಎರಡೂ ಹೆಚ್ಚು, ಹಿಂದಿನ ಸೀಟು ಇಕ್ಕಟ್ಟು.

ಹೊರೆ ಮತ್ತು ಆಳುಗಳು

ಬಹುತೇಕ ಸಣ್ಣ ಕ್ರಾಸ್‌ಓವರುಗಳು ಜನರೂ ಸೇರಿ ಹೊರಬಲ್ಲ ಭಾರ ಸುಮಾರು 400ರಿಂದ 450 ಕಿಲೋ. ಐದು ಜನ ಕೂತರೆ ಮುನ್ನೂರೈವತ್ತರ ಹತ್ತಿರ ಅಲ್ಲಿಗೇ ಆಯಿತು. ಉಳಿಯುವುದು 50 ಕಿಲೋದ ಒಂದೆರಡು ಚೀಲ. ಇದರಲ್ಲಿ ಕಾಫಿ ಚೀಲ ಕ್ಯೂರಿಂಗಿಗೆ ಸಾಗಿಸುತ್ತೇನೆ, ಅಡಿಕೆ ಮಂಡಿಗೆ ಒಯ್ಯುತ್ತೇನೆ ಎಂದು ಯೋಚಿಸುವುದೇ ತಪ್ಪು. ಸುಣ್ಣ, ಮೈಲುತುತ್ತ ಒಳಗೆ ಚೆಲ್ಲಿದರೆ ತಗಡಿಗೂ ವೈರಿಗೂ ಕೇಡು. ಫಸಲು ಸಾಗಿಸುವುದು ವರ್ಷಕ್ಕೆ ಐದಾರು ದಿನದ ಕೆಲಸ. ಅದಕ್ಕೆ ಬಾಡಿಗೆ ಪಿಕಪ್ ಸಿಗುತ್ತದೆ. ನಾಲ್ಕು ಮನೆಯವರು ಒಂದೇ ದಿನ ಗೊತ್ತುಮಾಡಿಕೊಂಡರೆ ಬಾಡಿಗೆ ಹಂಚಿಹೋಗುತ್ತದೆ. ಸಹಕಾರ ಎಂದರೆ ಇದೇ ಅಲ್ಲವೆ?

ಪಿಕಪ್ಪನ್ನೇ ಕೊಂಡು ಬೆಳಿಗ್ಗೆ ಆಳುಗಳನ್ನೂ ಅದರಲ್ಲೇ ಕರೆತರುವ ಯೋಚನೆ ಉಳ್ಳವರು ಒಂದು ವಿಷಯ ನೆನಪಿಡಬೇಕು. ಸರಕು ವಾಹನದಲ್ಲಿ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಬಿಟ್ಟು ಬೇರೆ ಪ್ರಯಾಣಿಕರನ್ನು ಕೂರಿಸಿದರೆ, ಅಪಘಾತವಾದಾಗ ವಿಮೆ ನೆರವಿಗೆ ಬರುವುದಿಲ್ಲ. ಹಿಂದೆ ನಿಂತು ಬರುವ ಇಪ್ಪತ್ತು ಜನರ ಜೀವದ ಹೊಣೆ, ಪರಿಹಾರದ ಹೊಣೆ ಮಾಲೀಕನ ತೋಟದ ಮೇಲೆ ಬೀಳುತ್ತದೆ. ಹಾಗೆಯೇ ಬಿಳಿ ಬೋರ್ಡಿನ ಸ್ವಂತ ಕಾರನ್ನು ಬಾಡಿಗೆಗೆ ಓಡಿಸಿ ಕಂತು ಕಟ್ಟುವ ಉಪಾಯವೂ ಬೇಡ. ಅದಕ್ಕೂ ವಿಮೆಯ ಆಕ್ಷೇಪಣೆ ಇದೆ.

ಪೆಟ್ರೋಲೋ, ಡೀಸೆಲೋ, ವಿದ್ಯುತ್ತೋ?

"ತೋಟಕ್ಕೆ ಡೀಸೆಲೇ ಸೈ" ಎಂಬುದು ನಮ್ಮಲ್ಲಿ ರೂಢಿಯ ಮಾತು. ಎಳೆಯುವ ಶಕ್ತಿಯಲ್ಲಿ ಅದು ಈಗಲೂ ನಿಜ. ನೆಕ್ಸಾನ್‌ನ 1.5 ಲೀಟರ್ ಡೀಸೆಲಿನ ತಿರುಗು ಬಲ 260 ನ್ಯೂಟನ್ ಮೀಟರ್. ಪಂಚ್‌ನಂಥ 1.2 ಲೀಟರ್ ಸಾದಾ ಪೆಟ್ರೋಲಿನದು ಅದರ ಅರ್ಧಕ್ಕೂ ಕಡಿಮೆ. ಆದರೆ 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಅದರಲ್ಲಿ ಕೂಡಿದ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ಸಮನೆ ಇಪ್ಪತ್ತು ನಿಮಿಷವಾದರೂ ಓಡಬೇಕು. ತೋಟದಿಂದ ಸಂಘಕ್ಕೆ, ಸಂಘದಿಂದ ಮನೆಗೆ ಎಂದು ಮೂರು ನಾಲ್ಕು ಕಿಲೋಮೀಟರ್ ಎರಡನೆ ಗೇರಿನಲ್ಲೇ ಓಡಿಸುವವರಿಗೆ ಜಾಲರಿ ಕಟ್ಟಿಕೊಂಡು ದೀಪ ಉರಿಯುತ್ತದೆ. ರಿಪೇರಿ ದುಬಾರಿ, ಹಳ್ಳಿಯ ಮೆಕ್ಯಾನಿಕ್ಕಿನ ಕೈಗೆ ಮೀರಿದ್ದು. ವಾರಕ್ಕೊಮ್ಮೆಯಾದರೂ ದೂರ ಹೋಗುವವರಿಗೆ ಮಾತ್ರ ಡೀಸೆಲ್ ತಕ್ಕದ್ದು. ಮಾರುತಿಯವರು 2020ರಲ್ಲೇ ಡೀಸೆಲ್ ಕಾರು ನಿಲ್ಲಿಸಿದರು.

ಪೆಟ್ರೋಲಿನಲ್ಲಿ ಈಗ ಶೇಕಡಾ 20ರಷ್ಟು ಎಥೆನಾಲ್ ಬೆರೆತಿದೆ. ಎಥೆನಾಲಿನ ಶಾಖ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಆದ್ದರಿಂದ ಮೈಲೇಜು ಸ್ವಲ್ಪ ಇಳಿಯುವುದು ಸ್ವಾಭಾವಿಕ. ಹಳೆಯ ಗಾಡಿ ಕೊಳ್ಳುವವರು ಅದು ಈ ಮಿಶ್ರಣಕ್ಕೆ ಒಗ್ಗುವುದೇ ಎಂದು ಕೇಳಬೇಕು. ಸಣ್ಣ ಟರ್ಬೊ ಎಂಜಿನ್ನುಗಳು ಓಟದಲ್ಲಿ ಚುರುಕಾದರೂ ನಿಧಾನ ಏರುವಾಗ ಬಲ ಬರುವುದು ತಡ. ಚಾಲಕ ಕ್ಲಚ್ ಮೇಲೆ ಕಾಲಿಟ್ಟು ಎಳೆಸುತ್ತಾನೆ, ಕ್ಲಚ್ ಸವೆಯುತ್ತದೆ. ತಾನೇ ಗೇರು ಬದಲಿಸುವ ಎ.ಎಂ.ಟಿ. ಗಾಡಿಯಲ್ಲೂ ಒಳಗೆ ಇರುವುದು ಅದೇ ಕ್ಲಚ್ ಎಂಬುದನ್ನು ಮರೆಯಬಾರದು.

ವಿದ್ಯುತ್ ಕಾರಿಗೆ ಜಿ.ಎಸ್.ಟಿ. ಶೇಕಡಾ 5 ಮಾತ್ರ. ನಿಂತಲ್ಲಿಂದಲೇ ಪೂರ್ತಿ ಬಲ, ಘಾಟಿ ಇಳಿಯುವಾಗ ಬ್ಯಾಟರಿಗೆ ಒಂದಿಷ್ಟು ವಿದ್ಯುತ್ತು ಮರಳುತ್ತದೆ. ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ 35 ಯೂನಿಟ್ಟಿನ ಬ್ಯಾಟರಿ ತುಂಬಲು ಹತ್ತು ಗಂಟೆಗೂ ಹೆಚ್ಚು ಬೇಕು. ಮರ ಬಿದ್ದು ಮೂರು ದಿನ ಕರೆಂಟು ಇಲ್ಲದ ನಮ್ಮ ಜುಲೈ ತಿಂಗಳನ್ನು ಎದುರಿಗೆ ಇಟ್ಟುಕೊಂಡು ಯೋಚಿಸಬೇಕು. ಮನೆಯಲ್ಲಿ ಇನ್ನೊಂದು ಗಾಡಿ ಇದ್ದವರಿಗೆ ಅಡ್ಡಿಯಿಲ್ಲ. ಇರುವುದೇ ಒಂದಾದರೆ ಈಗಲೇ ಬೇಡವೆಂದು ನನ್ನ ಅಭಿಪ್ರಾಯ.

ವರ್ಷದ ಖರ್ಚು ಎಷ್ಟು?

ಒಂದು ಉದಾಹರಣೆ ಹಾಕಿ ನೋಡೋಣ. ಗಾಡಿ ರಸ್ತೆಗೆ ಇಳಿಯುವಾಗ 10 ಲಕ್ಷ ರೂಪಾಯಿ. ಕೈಯಿಂದ 3 ಲಕ್ಷ, ಸಾಲ 7 ಲಕ್ಷ, ಬಡ್ಡಿ ಶೇಕಡಾ 9, ಐದು ವರ್ಷ. ತಿಂಗಳ ಕಂತು ಸುಮಾರು 14,500 ಆಗುತ್ತದೆ. ಒಟ್ಟು ಬಡ್ಡಿ 1 ಲಕ್ಷ 72 ಸಾವಿರದ ಸುಮಾರು. ಎಂಟು ವರ್ಷ ಇಟ್ಟುಕೊಂಡು 4 ಲಕ್ಷ 40 ಸಾವಿರಕ್ಕೆ ಮಾರಿದರೆ ವರ್ಷಕ್ಕೆ ಹೀಗೆ ಬೀಳುತ್ತದೆ:

ಬೆಲೆಯ ಸವಕಳಿ: 70,000 ರೂ.
ಬಡ್ಡಿ (ಎಂಟು ವರ್ಷಕ್ಕೆ ಹಂಚಿದಾಗ): 21,500 ರೂ.
ಪೆಟ್ರೋಲು (10,000 ಕಿ.ಮೀ., ಲೀಟರಿಗೆ 14 ಕಿ.ಮೀ., ದರ 103 ರೂ.): 73,500 ರೂ.
ವಿಮೆ: 25,000 ರೂ.
ಸರ್ವೀಸು, ಟೈರು, ರಿಪೇರಿ: 25,000 ರೂ.
ಒಟ್ಟು: 2,15,000 ರೂ.

ಅಂದರೆ ಕಿಲೋಮೀಟರಿಗೆ ಇಪ್ಪತ್ತೊಂದೂವರೆ ರೂಪಾಯಿ. ವರ್ಷಕ್ಕೆ ಐದು ಸಾವಿರ ಕಿಲೋಮೀಟರ್ ಮಾತ್ರ ಓಡಿಸಿದರೆ ಪೆಟ್ರೋಲು ಅರ್ಧವಾಗುತ್ತದೆ, ಉಳಿದ ಖರ್ಚು ಹೆಚ್ಚು ಕಡಿಮೆ ಹಾಗೇ ನಿಲ್ಲುತ್ತದೆ. ಆಗ ಕಿಲೋಮೀಟರಿಗೆ 35 ರೂಪಾಯಿ ದಾಟುತ್ತದೆ. ಅಷ್ಟು ಕಡಿಮೆ ಓಡಾಟದವರಿಗೆ ಬೇಕಾದಾಗ ಬಾಡಿಗೆ ಕಾರು ಕರೆಸುವುದು, ಇಲ್ಲವೆ ಮೂರು ನಾಲ್ಕು ವರ್ಷ ಓಡಿದ ಒಳ್ಳೆಯ ಗಾಡಿ ಕೊಳ್ಳುವುದು ಲೇಸು. ಹಳೆಯದು ಕೊಳ್ಳುವಾಗ ಆ ಕಂಪನಿ ಇನ್ನೂ ವ್ಯಾಪಾರದಲ್ಲಿದೆಯೇ ನೋಡಿಕೊಳ್ಳಿ. ಈ ಜಾತಿಯ ಗಾಡಿಯನ್ನು ಮೊದಲಿಗೆ ಜನಪ್ರಿಯ ಮಾಡಿದವುಗಳಲ್ಲಿ ಒಂದಾದ ಇಕೋಸ್ಪೋರ್ಟ್ 2013ರಲ್ಲಿ ಬಂದಿತು. ಫೋರ್ಡ್ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು.

ಕಂತನ್ನು ಚೀಲದಲ್ಲಿ ಎಣಿಸಿ

ಕಂತು ವರ್ಷಕ್ಕೆ 1,74,000 ರೂಪಾಯಿ. ಸಂಬಳದವರು ಇದನ್ನು ರೂಪಾಯಿಯಲ್ಲಿ ಎಣಿಸಲಿ. ನಾವು ಚೀಲದಲ್ಲಿ ಎಣಿಸಬೇಕು. ರೊಬಸ್ಟಾ ಚೆರ್ರಿ 50 ಕಿಲೋ ಚೀಲಕ್ಕೆ 10,000 ರೂಪಾಯಿ ಇದ್ದರೆ ಹದಿನೇಳೂವರೆ ಚೀಲ. ಎಕರೆಗೆ ಹದಿನೆಂಟು ಚೀಲ ಎಂದು ಹಿಡಿದರೆ ಒಂದು ಎಕರೆಯ ಫಸಲು ಕಂತಿಗೆ ಹೋಯಿತು. ಸಹಿಸಬಹುದು. ಆದರೆ 2020ರಲ್ಲಿ ಇದೇ ಚೀಲದ ದರ 4,000 ರೂಪಾಯಿಗಿಂತ ಕೆಳಗೇ ಇತ್ತು. ಆ ದರಕ್ಕೆ ಇಳಿದರೆ ಅದೇ ಕಂತಿಗೆ ನಲವತ್ತಮೂರು ಚೀಲಕ್ಕೂ ಹೆಚ್ಚು ಬೇಕು. ಎರಡೂವರೆ ಎಕರೆಯ ಫಸಲು ಎಂದಾಯಿತು. ಐದು ಎಕರೆಯವನ ಅರ್ಧ ತೋಟ ಗಾಡಿ ಎಳೆಯುತ್ತ ನಿಲ್ಲುತ್ತದೆ. ಕಳೆ ತೆಗೆಸಲು, ಗೊಬ್ಬರಕ್ಕೆ, ಕೊಳೆ ರೋಗದ ಔಷಧಿಗೆ ಉಳಿದರ್ಧ ಸಾಲಬೇಕು.

ಇದು ಹೆದರಿಸುವ ಮಾತಲ್ಲ, ನಾವು ಕಂಡ ಮಾತು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿಗೆ ದರ ಬಂದಾಗ ನಮ್ಮ ಸೀಮೆಯಲ್ಲಿ ಮನೆ ಮನೆಗೂ ಗಾಡಿ ಬಂತು. 2001-02ರ ಹೊತ್ತಿಗೆ ಕಾಫಿ ದರ ನೆಲ ಕಚ್ಚಿತು, ಅಡಿಕೆಯೂ ಅದೇ ಸುಮಾರಿಗೆ ಕುಸಿಯಿತು. ಆಗ ಗಾಡಿಗಳು ಬಂದ ದಾರಿಯಲ್ಲೇ ಹೊರಟುಹೋದದ್ದನ್ನು ನನ್ನ ವಯಸ್ಸಿನವರು ನೋಡಿದ್ದಾರೆ. ಗಾಡಿ ಹೋದರೆ ಹೋಗಲಿ. ಕಂತು ಕಟ್ಟಲು ಗೊಬ್ಬರ ನಿಲ್ಲಿಸಿದವರ ಗಿಡಗಳು ಚೇತರಿಸಿಕೊಳ್ಳಲು ಮತ್ತೆ ಮೂರು ನಾಲ್ಕು ವರ್ಷ ಹಿಡಿಯಿತು. ದರ ಏರಿದ ವರ್ಷ ಮಾಡಿದ ಸಾಲವನ್ನು ತೀರಿಸಬೇಕಾದದ್ದು ದರ ಇಳಿದ ವರ್ಷ ಎಂಬುದು ನಮ್ಮ ಕಸುಬಿನ ಹಣೆಬರಹ.

ಆದ್ದರಿಂದ ದರ ಚೆನ್ನಾಗಿರುವಾಗಲೇ ಅರ್ಧಕ್ಕಿಂತ ಹೆಚ್ಚು ಹಣ ಕೈಯಿಂದ ಹಾಕಿ, ಸಾಲವನ್ನು ಮೂರು ವರ್ಷಕ್ಕೆ ಮುಗಿಸುವಂತೆ ಮಾಡಿಕೊಳ್ಳಿ. ತಿಂಗಳ ಕಂತಿನ ಬದಲು ಬೆಳೆ ಕಾಲಕ್ಕೆ ಹೊಂದುವ ಅರ್ಧವಾರ್ಷಿಕ ಅಥವಾ ವಾರ್ಷಿಕ ಕಂತು ಕೊಡುವರೇ ಎಂದು ಬ್ಯಾಂಕಿನಲ್ಲಿ ಕೇಳಿ. ಜೂನ್‌ನಿಂದ ಅಕ್ಟೋಬರಿನವರೆಗೆ ನಮಗೆ ಖರ್ಚಿನ ಕಾಲ, ಆದಾಯದ ಕಾಲವಲ್ಲ. ಬೆಳೆ ಸಾಲದ ಹಣವನ್ನು ಗಾಡಿಗೆ ಹಾಕುವುದು ಮಾತ್ರ ಖಂಡಿತ ಕೂಡದು. ಅದು ನಿಯಮಕ್ಕೂ ವಿರುದ್ಧ, ತೋಟಕ್ಕೂ ವಿರುದ್ಧ.

ಗಾಡಿಗಿಂತ ಮೊದಲು ದಾರಿ

ನಮ್ಮ ಕಣದ ಏರಿನ ಕಥೆಯ ಉಳಿದ ಭಾಗ ಹೇಳಿ ಮುಗಿಸುತ್ತೇನೆ. ಚೀಲ ಹೊತ್ತ ದಿನ ಮನೆಯಲ್ಲಿ, "ಈ ಕಾರು ಕೊಟ್ಟು ನಾಲ್ಕು ಗಾಲಿಯದನ್ನೇ ತರೋಣ" ಎಂಬ ಮಾತು ಬಂತು. ಲೆಕ್ಕ ಹಾಕಿದರೆ ಕೈಯಿಂದ ಇನ್ನೂ ಲಕ್ಷಗಟ್ಟಲೆ ಹಾಕಬೇಕಿತ್ತು. ಬಳಿಕ ಟೇಪು ಹಿಡಿದು ಅಳೆದೆ. ಇಡೀ ದಾರಿಯಲ್ಲಿ ಗಾಡಿ ನಿಲ್ಲುವಂಥ ಏರು ಇದ್ದದ್ದು ಇನ್ನೂರು ಅಡಿ ಮಾತ್ರ. ಅಷ್ಟುದ್ದಕ್ಕೆ ಗಾಲಿ ಓಡುವ ಜಾಡಿನಲ್ಲಿ ಎರಡು ಅಡಿ ಅಗಲ, ಐದು ಅಂಗುಲ ದಪ್ಪದ ಎರಡು ಕಾಂಕ್ರೀಟು ಪಟ್ಟಿ ಹಾಕಿದರೆ ಸುಮಾರು 330 ಘನ ಅಡಿ ಕಾಂಕ್ರೀಟು. ಘನ ಅಡಿಗೆ ಕೂಲಿ ಸೇರಿ 240 ರೂಪಾಯಿ ಹಿಡಿದರೆ 80,000 ರೂಪಾಯಿಯ ಒಳಗೆ ಮುಗಿಯುತ್ತದೆ. ಬೇಸಿಗೆಯಲ್ಲಿ ಹಾಕಿಸಿದೆವು. ಮೇಲ್ಮೈಯನ್ನು ನುಣುಪು ಮಾಡದೆ ಕಸಬರಿಗೆಯಿಂದ ಅಡ್ಡ ಗೀರು ಎಳೆಸಿದೆವು, ಮೇಲುಗಡೆ ಚರಂಡಿ ಬಿಡಿಸಿ ನೀರನ್ನು ಮೋರಿಗೆ ತಿರುಗಿಸಿದೆವು. ಈಗ ಮೂರು ಮಳೆಗಾಲ ಕಳೆದಿವೆ. ಅದೇ ಕಾರು ಏರುತ್ತಿದೆ. ಪಕ್ಕದ ತೋಟದ ಆಟೋ ಕೂಡ ಏರುತ್ತದೆ, ಆಳುಗಳ ಕಾಲೂ ಜಾರುವುದಿಲ್ಲ. ಗಾಡಿ ವರ್ಷ ವರ್ಷ ಬೆಲೆ ಕಳೆದುಕೊಳ್ಳುತ್ತದೆ. ದಾರಿ ತೋಟದ ಜೊತೆ ಮಕ್ಕಳಿಗೆ ಉಳಿಯುತ್ತದೆ.

ಒಟ್ಟಿನಲ್ಲಿ ನನ್ನ ಸಲಹೆ ಇಷ್ಟು:

1. ಆರು ತಿಂಗಳಾದರೂ ನಿಮ್ಮ ಓಡಾಟದ ಲೆಕ್ಕ ಬರೆಯಿರಿ. ಹೆಚ್ಚು ದಿನದ ಕೆಲಸಕ್ಕೆ ಗಾಡಿ ಕೊಳ್ಳಿ, ಅಪರೂಪದ ಕೆಲಸಕ್ಕೆ ಬಾಡಿಗೆ ಹಿಡಿಯಿರಿ.

2. ದಾರಿಯ ಏರು ಅಳೆಯಿರಿ. ಕೆಟ್ಟ ಜಾಗ ಚಿಕ್ಕದಾದರೆ ದಾರಿ ಸರಿಪಡಿಸಿ. ಮೈಲಿಗಟ್ಟಲೆ ಕೆಟ್ಟದ್ದಾದರೆ, ಹಳ್ಳ ದಾಟಬೇಕಾದರೆ ಕ್ರಾಸ್‌ಓವರಿನ ಆಸೆ ಬಿಟ್ಟು ಜೀಪಿನ ವಂಶದ್ದನ್ನೇ ನೋಡಿ. ಹಳೆಯ ಜೀಪು ಗಟ್ಟಿಯಿದ್ದು ದಾಖಲೆ ಸರಿಯಿದ್ದರೆ ಮಾರಾಟಕ್ಕೆ ಅವಸರ ಬೇಡ.

3. ಕೊಳ್ಳುವ ಮುನ್ನ ಗಾಡಿಯನ್ನು ನಿಮ್ಮ ಮನೆಗೇ ತರಿಸಿ. ಮಳೆ ಬಂದ ಮರುದಿನ, ಐದು ಜನ ಕೂತು ನಿಮ್ಮದೇ ಏರಿನಲ್ಲಿ ಹತ್ತಿಸಿ ನೋಡಿ. ಒಪ್ಪದ ಷೋರೂಮಿನವರನ್ನು ಬಿಟ್ಟು ಒಪ್ಪುವವರ ಬಳಿಗೆ ಹೋಗಿ. ಮನೆಯ ಹಿರಿಯರನ್ನು ಹತ್ತಿಸಿ ಇಳಿಸಿ ನೋಡುವುದನ್ನು ಮರೆಯಬೇಡಿ.

4. ಸರ್ವೀಸು ಕೇಂದ್ರ ಎಷ್ಟು ದೂರ, ಬದಲಿ ಗಾಲಿ ಪೂರ್ತಿ ಅಳತೆಯದೇ ಎಂದು ಕೇಳಿ. ಕೊಟ್ಟಿಗೆಯಲ್ಲಿ ನಿಲ್ಲಿಸುವವರು ಇಲಿ ವೈರು ಕಡಿಯದಂತೆ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ.

5. ದರ ಇಂದಿನ ಅರ್ಧಕ್ಕೆ ಇಳಿದರೂ ಗೊಬ್ಬರ ನಿಲ್ಲಿಸದೆ ಕಟ್ಟಬಹುದಾದಷ್ಟು ಮಾತ್ರ ಕಂತು ಮಾಡಿಕೊಳ್ಳಿ.

ಈ ಲೆಕ್ಕಗಳಲ್ಲಿ ನಿಮ್ಮ ಮನೆಯ ಅಂಕಿಗಳನ್ನು ತುಂಬಿ ನೋಡಬೇಕೆಂದಿರುವ ಸದಸ್ಯರು ಕಛೇರಿ ವೇಳೆಯಲ್ಲಿ ಬಂದರೆ ಕೂತು ಹಾಕಿಕೊಡುತ್ತೇನೆ. ಬರುವಾಗ ದಾರಿಯ ಅಳತೆಯನ್ನೂ ತನ್ನಿ. ಗಾಡಿಯ ಬಣ್ಣದ ವಿಷಯವನ್ನು ಮಾತ್ರ ಮನೆಯವರಲ್ಲೇ ಕೇಳಿಕೊಳ್ಳುವುದು ಕ್ಷೇಮ.

— ಕಾರ್ಯದರ್ಶಿ